ತಂಡ ಬಂದಿದೆ, ತಂಡದವರು ಬಂದಿಲ್ಲ

ಆ ಜಾಹೀರಾತು ನಿಮ್ಮ ಫೋನಿಗೂ ಬಂದಿರುತ್ತದೆ. ರಾತ್ರಿ ಹನ್ನೊಂದಕ್ಕೆ, ಟಿಣ್ ಅಂತ. "ಐವತ್ತು ವರ್ಷಗಳ ದಂತಕತೆ ಈಗ ಮುಂಬೈಯಲ್ಲಿ!" ಕೆಳಗೆ ಐದು ಜನ ಚರ್ಮದ ಜಾಕೆಟ್ ತೊಟ್ಟು, ಸಾಲ ವಸೂಲಿಗೆ ಬಂದವರ ಮುಖ ಮಾಡಿ ನಿಂತಿದ್ದಾರೆ. ಈ ವಿದೇಶಿ ರಾಕ್ ಸಂಗೀತ ತಂಡ ಕಟ್ಟಿದ ಕಾಲಕ್ಕೆ ಇವರಲ್ಲಿ ಇಬ್ಬರು ಹುಟ್ಟಿರಲಿಲ್ಲ, ಇನ್ನಿಬ್ಬರಿಗೆ ಹಾಲುಹಲ್ಲು. ಕಟ್ಟಿದವರಲ್ಲಿ ಕೆಲವರು ತೀರಿಕೊಂಡರು, ಕೆಲವರು ಜಗಳಾಡಿ ಹೋದರು, ಉಳಿದ ಒಬ್ಬರನ್ನು ಡಾಕ್ಟರು ವಿಮಾನ ಹತ್ತಲು ಬಿಡುತ್ತಿಲ್ಲ. ದಂತಕತೆ ಮಾತ್ರ ತಪ್ಪದೆ ಬರುತ್ತಿದೆ. ದೂರ ನಿಂತು ನೋಡಲು ಒಂದು ದರ, ವೇದಿಕೆಯ ಕೆಳಗಿನ ಕಟಕಟೆಗೆ ಅದರ ಮೂರು ಪಟ್ಟು, ಮೇಲಿಂದ 'ಅನುಕೂಲ ಶುಲ್ಕ'. ಯಾರ ಅನುಕೂಲ ಅಂತ ಕೇಳಬಾರದು.

ಯಾವ ತಂಡ ಅಂತ ಹೆಸರು ಹೇಳಿ ಪ್ರಯೋಜನವಿಲ್ಲ ಮಾರಾಯ್ರೆ, ಇಂಥವು ಈಗ ಒಂದೆರಡಲ್ಲ. ನಾನಂತೂ ಇದನ್ನು ಮೋಸ ಅನ್ನುವವನಲ್ಲ. ಸತ್ತವರ ಹೆಸರಿನಲ್ಲಿ ರೇಷನ್ ಎತ್ತಿದರೆ ಕೇಸು, ಟಿಕೆಟ್ ಮಾರಿದರೆ ಪರಂಪರೆ. ಈ ಸೂಕ್ಷ್ಮ ಅರ್ಥವಾಗಲು ಸ್ವಲ್ಪ ಸಂಸ್ಕಾರ ಬೇಕು.

ಅಮೆರಿಕದ ಲೆನರ್ಡ್ ಸ್ಕಿನರ್ಡ್ ಎಂಬ ರಾಕ್ ತಂಡವನ್ನೇ ನೋಡಿ. ಮೂಲ ಸದಸ್ಯರಲ್ಲಿ ಕೊನೆಯವರಾಗಿ ಉಳಿದಿದ್ದ ಗಿಟಾರಿನ ಗ್ಯಾರಿ ರಾಸಿಂಗ್ಟನ್ 2023ರ ಮಾರ್ಚ್ 5ರಂದು ತೀರಿಕೊಂಡರು. ವರ್ಷಾಂತಿಕ ಆಗುವುದರೊಳಗೆ ತಂಡ ಇನ್ನೊಂದು ಹಳೆಯ ರಾಕ್ ತಂಡವಾದ ಝಡ್‌ಝಡ್ ಟಾಪ್ ಜೊತೆ ಪ್ರವಾಸ ಹೊರಟಿತ್ತು. ಸಾವೇನೂ ಈ ತಂಡಕ್ಕೆ ಹೊಸದಲ್ಲ. 1977ರ ಅಕ್ಟೋಬರ್ 20ರಂದು ಇಂಧನ ಮುಗಿದ ವಿಮಾನ ಮಿಸಿಸಿಪ್ಪಿಯ ಕಾಡಿಗೆ ಬಿದ್ದು, ಹಾಡುಗಾರ ರಾನಿ ವ್ಯಾನ್ ಝ್ಯಾಂಟ್ ಸೇರಿ ಆರು ಮಂದಿ ಹೋದರು. ಉಳಿದವರು ಆ ಹೆಸರನ್ನು ಹತ್ತು ವರ್ಷ ಮುಟ್ಟಲಿಲ್ಲ. 1987ರಲ್ಲಿ ಶ್ರದ್ಧಾಂಜಲಿ ಪ್ರವಾಸ ಅಂತ ರಾನಿಯ ತಮ್ಮ ಜಾನಿಯನ್ನು ಮೈಕಿನ ಮುಂದೆ ನಿಲ್ಲಿಸಿಕೊಂಡು ಹೊರಟರು. ರಾನಿಯ ಹೆಂಡತಿ ಕೋರ್ಟಿಗೆ ಹೋದರು. 1988ರಲ್ಲಿ ರಾಜಿಯಾಯಿತು: ಅಪಘಾತಕ್ಕೆ ಮುಂಚಿನವರು ಇಂತಿಷ್ಟು ಮಂದಿ ವೇದಿಕೆಯಲ್ಲಿದ್ದರೆ ಮಾತ್ರ ಆ ಹೆಸರು. ಅಂದರೆ ಕೋರಂ, ಸಭೆಗೆ ಬೇಕಾದ ಕನಿಷ್ಠ ಹಾಜರಿ. ಮುಂಬೈಯ ಹೌಸಿಂಗ್ ಸೊಸೈಟಿಯಲ್ಲಿ ಬಾಳಿದವರಿಗೆ ಮುಂದಿನದ್ದನ್ನು ಹೇಳಬೇಕಿಲ್ಲ. ಕೋರಂ ಇಲ್ಲದಿದ್ದರೆ ಸಭೆ ಅರ್ಧ ಗಂಟೆ ಮುಂದಕ್ಕೆ, ಆಮೇಲೆ ಅದೇ ಜಾಗದಲ್ಲಿ, ಅದೇ ಕುರ್ಚಿಗಳಲ್ಲಿ, ಕೋರಂ ಇಲ್ಲದೆಯೇ ಸಭೆ, ಸರ್ವಾನುಮತದ ಠರಾವು.

ಇಂಗ್ಲೆಂಡಿನ ಯೆಸ್ ತಂಡದ್ದು ಇನ್ನೂ ಸೊಗಸು. ಕಟ್ಟಿದವರಲ್ಲಿ ಕೊನೆಗೆ ಉಳಿದಿದ್ದ ಕ್ರಿಸ್ ಸ್ಕ್ವಾಯರ್ 2015ರಲ್ಲಿ ತೀರಿಕೊಂಡರು. ಹಾಡುಗಾರ ಜಾನ್ ಆ್ಯಂಡರ್ಸನ್ ಜಾಗಕ್ಕೆ 2008ರಲ್ಲೇ ಬೇರೆ ಜನ ಬಂದಿತ್ತು. ಎಲ್ಲಿಂದ? ಯೆಸ್ ಹಾಡುಗಳನ್ನೇ ನಕಲು ಮಾಡುವ ತಂಡವೊಂದರಿಂದ, ಯೂಟ್ಯೂಬಿನಲ್ಲಿ ನೋಡಿ ಆರಿಸಿಕೊಂಡದ್ದು. ಅವರ ನಂತರ ಬಂದವರೂ ಇನ್ನೊಂದು ಯೆಸ್ ನಕಲು ತಂಡದವರೇ. ಇಂಗ್ಲೆಂಡಿನದ್ದೇ ಇನ್ನೊಂದು ತಂಡ ಜೂಡಾಸ್ ಪ್ರೀಸ್ಟ್ 1996ರಲ್ಲಿ ಹಾಡುಗಾರ ರಾಬ್ ಹ್ಯಾಲ್ಫರ್ಡ್ ಜಾಗಕ್ಕೆ ತಂದ ಟಿಮ್ ಓವೆನ್ಸ್ ಕೂಡ ಜೂಡಾಸ್ ಪ್ರೀಸ್ಟ್ ನಕಲು ತಂಡದಿಂದ ಬಂದವರು. ಅಂಧೇರಿ, ಪೊವಾಯಿ ಪಬ್ಬುಗಳಲ್ಲಿ ಶನಿವಾರ ಶನಿವಾರ ಪರರ ಹಾಡು ನುಡಿಸುವ ಹುಡುಗರೇ, ಮನೆಯವರು ಬೈದರೆ ಧೈರ್ಯವಾಗಿ ಹೇಳಿ: ಇದು ಪ್ರೊಬೇಷನ್, ಖಾಯಂ ಆಗುವ ಲಕ್ಷಣವಿದೆ.

ನಕಲಿಗೂ ಘನವಾದ ಇತಿಹಾಸ ಇದೆ. ಇಂಗ್ಲೆಂಡಿನ ಜೋಂಬೀಸ್ ತಂಡ ಮುರಿದ ಮೇಲೆ, 1969ರಲ್ಲಿ, ಅವರ ಹಾಡೊಂದು ಅಮೆರಿಕದಲ್ಲಿ ಓಡತೊಡಗಿತು. ಹಾಡಿದೆ, ತಂಡವಿಲ್ಲ. ಮಿಷಿಗನ್ನಿನ ಒಂದು ಕಂಪನಿ ಆ ಕೊರತೆ ನೀಗಿಸಿತು. ಜೋಂಬೀಸ್ ಅಂತ ಒಂದಲ್ಲ, ಎರಡು ತಂಡ ಕಳಿಸಿತು. ಟೆಕ್ಸಸ್‌ನಿಂದ ಹೊರಟ ತಂಡದಲ್ಲಿ ಕೀಬೋರ್ಡ್ ನುಡಿಸುವವನೇ ಇರಲಿಲ್ಲ. ಮೂಲ ಜೋಂಬೀಸ್‌ನ ಜೀವಾಳವೇ ಕೀಬೋರ್ಡು! ಅದೇ ಕಂಪನಿ ಆರ್ಚೀಸ್ ತಂಡವನ್ನೂ ಊರೂರು ಸುತ್ತಿಸಿತು. ಆರ್ಚೀಸ್ ಅಂದರೆ ಕಾರ್ಟೂನು. ಹುಟ್ಟದೇ ಇದ್ದವರಿಗೂ ನಕಲಿ ಹುಟ್ಟಿಸಿದ ಪುಣ್ಯಾತ್ಮರು. ಆ ಟೆಕ್ಸಸ್ ಜೋಂಬಿಗಳಲ್ಲಿ ಇಬ್ಬರ ಹೆಸರು ಡಸ್ಟಿ ಹಿಲ್ ಮತ್ತು ಫ್ರ್ಯಾಂಕ್ ಬಿಯರ್ಡ್. ಇವರೇ ಮುಂದೆ ಬಿಲ್ಲಿ ಗಿಬನ್ಸ್ ಜೊತೆ ಸೇರಿ ಝಡ್‌ಝಡ್ ಟಾಪ್ ಆದರು; 2021ರಲ್ಲಿ ಡಸ್ಟಿ ಸಾಯುವ ತನಕ ಐವತ್ತು ವರ್ಷ ಒಬ್ಬರನ್ನೂ ಬದಲಿಸದೆ ನುಡಿಸಿದರು. ರಾಕ್ ಸಂಗೀತದ ಏಕಪತ್ನೀವ್ರತಸ್ಥರು ಕೆಲಸ ಕಲಿತದ್ದು ಕಳ್ಳ ತಂಡದಲ್ಲಿ!

1974ರಲ್ಲಿ ಬ್ರಿಟನ್ನಿನ ತಂಡ ಫ್ಲೀಟ್‌ವುಡ್ ಮ್ಯಾಕ್‌ನ ಮ್ಯಾನೇಜರು ಹೆಸರು ತನ್ನದೆಂದು ಹೇಳಿ, ಯಾರೂ ಕಂಡರಿಯದ ಐದಾರು ಜನರನ್ನು ಅಮೆರಿಕಕ್ಕೆ ಕಳಿಸಿಬಿಟ್ಟ. ಅಮೆರಿಕದ ಹಾಡುಗಾರರ ತಂಡ ಡ್ರಿಫ್ಟರ್ಸ್‌ನ ಮ್ಯಾನೇಜರಂತೂ 1958ರಲ್ಲೇ ಇಡೀ ತಂಡವನ್ನು ಕೆಲಸದಿಂದ ತೆಗೆದು, ಬೇರೆ ಹೆಸರಿನಲ್ಲಿ ಹಾಡುತ್ತಿದ್ದ ಇನ್ನೊಂದು ತಂಡವನ್ನು ಕರೆದು, ಇನ್ನು ನೀವೇ ಡ್ರಿಫ್ಟರ್ಸ್ ಅಂದ. ಅವರಲ್ಲಿ ಒಬ್ಬರು ಬೆನ್ ಇ. ಕಿಂಗ್. ಒಳ್ಳೆಯ ಹಾಡುಗಾರ, ಹಾಗಾಗಿ ಎಲ್ಲರೂ ಕ್ಷಮಿಸಿಬಿಟ್ಟರು. ಹಾಡು ಚೆನ್ನಾಗಿದ್ದರೆ ನಾವು ಏನನ್ನೂ ಕ್ಷಮಿಸುತ್ತೇವೆ, ಅದು ಗೊತ್ತಿದ್ದೇ ಈ ವ್ಯಾಪಾರ ನಡೆಯುವುದು.

ಆದರೆ 'ಮೂಲ' ಅಂದರೆ ಯಾರು? 1980ರಲ್ಲಿ ಇಂಗ್ಲೆಂಡಿನ ಡೀಪ್ ಪರ್ಪಲ್ ತಂಡದ ಹೆಸರಿನಲ್ಲಿ ಒಂದು ತಂಡ ಅಮೆರಿಕ ಸುತ್ತಿತು. ಜನ ರೊಚ್ಚಿಗೆದ್ದರು, ಕೇಸಾಯಿತು, 6,72,000 ಡಾಲರ್ ಪರಿಹಾರ ಕೊಡಬೇಕೆಂದು ತೀರ್ಪಾಯಿತು. ನಕಲಿ ಅಂತ ಛೀಮಾರಿ ಹಾಕಿಸಿಕೊಂಡ ಹಾಡುಗಾರ ರಾಡ್ ಇವಾನ್ಸ್; 1968ರಲ್ಲಿ ತಂಡ ಶುರುವಾದಾಗ ಹಾಡಿದವರೇ ಅವರು! ಅಸಲಿ ಎನ್ನಿಸಿಕೊಂಡ ಇಯಾನ್ ಗಿಲನ್, ರಾಜರ್ ಗ್ಲೋವರ್ ಸೇರಿದ್ದು 1969ರಲ್ಲಿ. ಅಮೆರಿಕದ ರಾಕ್ ತಂಡ ಗನ್ಸ್ ಎನ್ ರೋಸಸ್‌ನಲ್ಲಿ 'ಗನ್ಸ್' ಬಂದಿದ್ದು ಟ್ರೇಸಿ ಗನ್ಸ್ ಎಂಬ ಗಿಟಾರಿಗನಿಂದ. ಅವರು 1985ರಲ್ಲಿ ತಂಡ ಹುಟ್ಟಿದ ಕೆಲವೇ ತಿಂಗಳಲ್ಲಿ ಹೊರನಡೆದರು, ಆ ಜಾಗಕ್ಕೆ ಸ್ಲ್ಯಾಶ್ ಬಂದರು. ಹೆಸರಿನ ಅರ್ಧ ಭಾಗ ನಲವತ್ತು ವರ್ಷದಿಂದ ಗೈರುಹಾಜರು.

ಮುಂಬೈಯವರು ಇದೇ ತಂಡವನ್ನು ಕಂತಿನಲ್ಲಿ ನೋಡಿದ್ದಾರೆ. 2012ರ ಡಿಸೆಂಬರಿನಲ್ಲಿ ಹಾಡುಗಾರ ಆ್ಯಕ್ಸಲ್ ರೋಸ್ ಬಂದರು, ಸ್ಲ್ಯಾಶ್ ಇಲ್ಲದೆ. 2015ರ ನವೆಂಬರಿನಲ್ಲಿ ಸ್ಲ್ಯಾಶ್ ಬಂದರು, ಆ್ಯಕ್ಸಲ್ ಇಲ್ಲದೆ. ಎರಡೂ ಟಿಕೆಟ್ ಅಂಟಿಸಿ ಕಣ್ಣು ಮುಚ್ಚಿ ಕೂತರೆ ಒಂದು ಕಛೇರಿ. ಇಬ್ಬರೂ ಒಟ್ಟಿಗೆ ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ ನಿಂತದ್ದು 2025ರ ಮೇ ತಿಂಗಳಲ್ಲಿ. ಮೇ ತಿಂಗಳ ಮುಂಬೈಯಲ್ಲಿ ಬಯಲಿನಲ್ಲಿ ರಾಕ್ ಕಛೇರಿ ಇಟ್ಟವರಿಗೆ ಪದ್ಮ ಪ್ರಶಸ್ತಿ ಕೊಡಬೇಕು, ಅದು ಬೇರೆ ಮಾತು.

ಅಮರತ್ವ ಬೇಕಾದವರು ಹಿಮಾಲಯಕ್ಕೇನೂ ಹೋಗಬೇಕಿಲ್ಲ. ಮಾಟುಂಗದಲ್ಲಿ ಇಡ್ಲಿ ತಿಂದು ಟ್ಯಾಕ್ಸಿ ಹತ್ತಿದರೆ ಕಾಫಿಯ ರುಚಿ ಬಾಯಲ್ಲಿರುವಾಗಲೇ ಆಂಟಾಪ್ ಹಿಲ್‌ನ ಬೌದ್ಧಿಕ ಸಂಪದಾ ಭವನ ಬರುತ್ತದೆ. ಟ್ರೇಡ್‌ಮಾರ್ಕ್ ಕಚೇರಿ. ಈಗ ಎಲ್ಲ ಆನ್‌ಲೈನ್, ಟ್ಯಾಕ್ಸಿಯೂ ಬೇಡ. ಟಿಎಂ-ಎ ಅನ್ನುವ ಅರ್ಜಿ. ಮನರಂಜನೆಗೆ 41ನೇ ವರ್ಗ, ರೆಕಾರ್ಡಿಂಗಿಗೆ 9, ಟಿ-ಶರ್ಟಿಗೆ 25. ಮೂರನ್ನೂ ಮಾಡಿಸಿ, ದುಡ್ಡು ಇರುವುದು 25ರಲ್ಲಿ. ಆನ್‌ಲೈನಿನಲ್ಲಿ ವರ್ಗ ಒಂದಕ್ಕೆ ವ್ಯಕ್ತಿಗಾದರೆ 4,500 ರೂಪಾಯಿ, ದೊಡ್ಡ ಕಂಪನಿಗಾದರೆ 9,000. ನೋಂದಣಿ ಹತ್ತು ವರ್ಷಕ್ಕೆ; ಆಮೇಲೆ ಹತ್ತು ಹತ್ತು ವರ್ಷಕ್ಕೆ 9,000 ಕಟ್ಟುತ್ತಾ ಹೋದರೆ ಯಮನೂ ಏನೂ ಮಾಡುವಂತಿಲ್ಲ. ಒಂದೇ ಶರತ್ತು, ಹೆಸರನ್ನು ಬಳಸುತ್ತಿರಬೇಕು. ಐದು ವರ್ಷಕ್ಕೂ ಮೇಲ್ಪಟ್ಟು ಸುಮ್ಮನೆ ಇಟ್ಟರೆ ಯಾರಾದರೂ ಅರ್ಜಿ ಹಾಕಿ ಪಟ್ಟಿಯಿಂದ ತೆಗೆಸಬಹುದು. ಹೆಸರು ಬದುಕಿರಬೇಕಾದರೆ ಯಾರಾದರೂ ಗಿಟಾರು ನೇತುಹಾಕಿಕೊಂಡು ತಿರುಗುತ್ತಿರಲೇಬೇಕು. ಯಾರು ಅಂತ ಕಾಯಿದೆ ಕೇಳುವುದಿಲ್ಲ.

ಎಡವಟ್ಟಾಗುವುದು ಆರಂಭದಲ್ಲೇ. ನಾಲ್ಕು ಜನ ಕಾಲೇಜು ಹುಡುಗರು, ಪ್ರಾಣಸ್ನೇಹಿತರು, ಛಾಪಾ ಕಾಗದ ಎಂದರೆ ನಗುತ್ತಾರೆ. ಬರೆದಿಡಬೇಕಾದದ್ದು ಹೆಚ್ಚೇನಿಲ್ಲ: ಹೆಸರು ಯಾರದ್ದು, ಒಬ್ಬ ಬಿಟ್ಟರೆ ಅವನ ಪಾಲೆಷ್ಟು, ಬಿಟ್ಟವನು ತನ್ನ ಪೋಸ್ಟರಿನಲ್ಲಿ ಹಳೆಯ ಹೆಸರನ್ನು ಎಷ್ಟು ದಪ್ಪ ಅಕ್ಷರದಲ್ಲಿ ಹಾಕಬಹುದು, ಎಷ್ಟು ಜನ ಉಳಿದರೆ ಅಂಗಡಿ ಮುಚ್ಚಬೇಕು. ಎರಡು ಪುಟ. ಬರೆಯದಿದ್ದರೆ ಲಿಟ್ಲ್ ರಿವರ್ ಬ್ಯಾಂಡಿನ ಗತಿ. ಆಸ್ಟ್ರೇಲಿಯಾದಲ್ಲಿ ಅದನ್ನು ಕಟ್ಟಿದವರೇ 2002ರಲ್ಲಿ ಹೆಸರು ಕಳೆದುಕೊಂಡರು. ಹಕ್ಕು ಆಮೇಲೆ ಸೇರಿದ ಗಿಟಾರಿಗನ ಪಾಲಾಗಿತ್ತು. ಬ್ರಿಟನ್ನಿನ ಶುಗಾಬೇಬ್ಸ್‌ನಲ್ಲಿ ಮೂವರೂ ಹುಡುಗಿಯರು ಒಬ್ಬೊಬ್ಬರಾಗಿ ಹೋಗಿ, 2009ಕ್ಕೆ ಮೂಲದವರು ಸೊನ್ನೆ. ಆ ಮೂವರೇ ಮತ್ತೆ ಸೇರಿದಾಗ ತಂತಮ್ಮ ಹೆಸರು ಜೋಡಿಸಿಕೊಂಡು ಹಾಡಬೇಕಾಯಿತು. ತಾವೇ ಇಟ್ಟ ಹೆಸರು ಕೈಗೆ ಬಂದಾಗ 2019.

ಈಗ ವೇದಿಕೆಗೆ ಬನ್ನಿ. ದಂತಕತೆಗಳಿಲ್ಲದ ದಂತಕತೆ ರೆಕಾರ್ಡಿನಂತೆಯೇ ಕೇಳಿಸುವುದು ಹೇಗೆ? ಮೊದಲ ರಹಸ್ಯ ಶ್ರುತಿ. ಎಪ್ಪತ್ತು ದಾಟಿದ ಮೂಲ ಹಾಡುಗಾರನಿಗೆ ಮೇಲಿನ ಸ್ವರ ಏರುವುದಿಲ್ಲ, ಹಾಗಾಗಿ ಗಿಟಾರುಗಳನ್ನೆಲ್ಲ ಅರ್ಧ ಸ್ವರವೋ ಒಂದು ಸ್ವರವೋ ಇಳಿಸುತ್ತಾರೆ. ತಂತಿ ಸಡಿಲವಾಗಿ ಗೊರಗೊರ ಅನ್ನಬಾರದು ಅಂತ ದಪ್ಪ ತಂತಿ ಹಾಕುತ್ತಾರೆ. ಹಾಡು ಅದೇ, ತೂಕ ಬೇರೆ. ಆದರೆ ಬಾಡಿಗೆಗೆ ಬಂದ ನಲವತ್ತರ ಹಾಡುಗಾರ ಮೂಲ ಶ್ರುತಿಯಲ್ಲೇ ಸಲೀಸಾಗಿ ಹಾಡುತ್ತಾನೆ. ಮೂಲ ಶ್ರುತಿ ಬೇಕಿದ್ದರೆ ಮೂಲ ಮನುಷ್ಯ ಜಾಗ ಖಾಲಿ ಮಾಡಬೇಕು. ಇಂಥ ತಂಡಗಳು ಸಂಗೀತದ ಲೆಕ್ಕದಲ್ಲಿ ಬಹಳ ಸಲ ಚೆನ್ನಾಗಿಯೇ ಇರುತ್ತವೆ, ಅದೇ ತಲೆನೋವು.

ಎರಡನೆಯದು ಲ್ಯಾಪ್‌ಟಾಪ್. ಕೋರಸ್ಸು, ತಂತಿವಾದ್ಯ, ಹಳೆಯ ಕೀಬೋರ್ಡಿನ ನಾದ, ಕೆಲವೊಮ್ಮೆ ಸತ್ತವರ ದನಿಯೂ ಅದರೊಳಗಿರುತ್ತದೆ. ಡ್ರಮ್ಮರಿನ ಕಿವಿಗೆ ಟಿಕ್ ಟಿಕ್ ಅಂತ ತಾಳ, ಜನಕ್ಕೆ ಅದು ಕೇಳಿಸದು. ಅದೇ ಯಂತ್ರದಿಂದ ಹೊರಟ ಸಂಕೇತ ಲೈಟುಗಳನ್ನೂ ಹಿಂದಿನ ಪರದೆಯನ್ನೂ ಓಡಿಸುತ್ತದೆ. ಲ್ಯಾಪ್‌ಟಾಪ್ ಒಂದಲ್ಲ, ಎರಡು; ನಡುವೆ ಒಂದು ಸ್ವಿಚರ್ ಪೆಟ್ಟಿಗೆ. ಮೊದಲನೆಯದು ನಿಂತ ಕೂಡಲೇ ಎರಡನೆಯದು ಅದೇ ಮಾತ್ರೆಯಿಂದ ಎತ್ತಿಕೊಳ್ಳಬೇಕು. ಕೈಕೊಡುವುದು ಯಂತ್ರಕ್ಕಿಂತ ಹೆಚ್ಚಾಗಿ ಮನುಷ್ಯ. ಡ್ರಮ್ಮರಿನ ಕಿವಿಯಿಂದ ಇಯರ್‌ಪೀಸ್ ಬೆವರಿಗೆ ಜಾರಿತು ಅನ್ನಿ, ಎರಡು ಸಾಲಿನಲ್ಲಿ ಅವನು ಅರ್ಧ ಮಾತ್ರೆ ಹಿಂದೆ ಬೀಳುತ್ತಾನೆ, ಲ್ಯಾಪ್‌ಟಾಪು ಯಾರನ್ನೂ ಕಾಯುವುದಿಲ್ಲ. ಹಾಡುಗಾರ ನೀರಿನ ಬಾಟಲಿ ಬಾಯಿಗಿಟ್ಟಿರುವಾಗಲೇ ನಾಲ್ಕು ಕಂಠದ ಕೋರಸ್ಸು ಶುರುವಾಗುತ್ತದೆ. ಟಿಕೆಟ್ ಕೊಂಡಾಗಿದ್ದರೆ ಒಂದು ಕೆಲಸ ಮಾಡಿ: ವೇದಿಕೆ ಮೇಲಿನ ಹಾಡುವ ಮೈಕು ಎಣಿಸಿ, ಆಮೇಲೆ ಕೇಳಿಸುವ ಕಂಠ ಎಣಿಸಿ. ಮೈಕು ಎರಡು, ಕಂಠ ಐದು ಇದ್ದರೆ ಉಳಿದ ಮೂವರು ಪೆಟ್ಟಿಗೆಯೊಳಗಿದ್ದಾರೆ. ಪ್ರವಾಸದ ಪ್ರತಿ ಊರಿನಲ್ಲೂ ಸೋಲೋ ಮುಗಿಯುವುದು ಒಂದೇ ಸೆಕೆಂಡಿಗೆ ಅನ್ನಿಸಿದರೆ, ಹೌದು, ಒಂದೇ ಸೆಕೆಂಡಿಗೆ.

ಅಮೆರಿಕದ ಕಿಸ್ ತಂಡದವರು ಇಷ್ಟು ಕಷ್ಟವನ್ನೂ ಇಟ್ಟುಕೊಂಡಿಲ್ಲ. ಮುಖಕ್ಕೆ ಬಣ್ಣ, ತಲೆಗೆ ಕೂದಲ ಕಿರೀಟ, ಬಾಯಿಂದ ಬೆಂಕಿ. ಪಶ್ಚಿಮದ ದೊಡ್ಡ ಯಕ್ಷಗಾನ ಮೇಳ ಅದೇ. ತಂಡದ ಜೀನ್ ಸಿಮನ್ಸ್‌ಗೆ ಸಾಕ್ಷಾತ್ ರಾಕ್ಷಸನ ಬಣ್ಣದ ವೇಷ. ಗಿಟಾರಿನ ಏಸ್ ಫ್ರೇಲಿ ಬಿಟ್ಟಾಗ ಅವರ ವೇಷವನ್ನು ಟಾಮಿ ಥೇಯರ್ ಎಂಬವರಿಗೆ ಕಟ್ಟಿದರು. ಅವರು ಮೊದಲು ಕಿಸ್ ನಕಲು ತಂಡದಲ್ಲಿ ಏಸ್ ಆಗಿಯೇ ಕುಣಿಯುತ್ತಿದ್ದವರು. ಜೀರ್ಣ ಬಟ್ಟೆ ಕಳಚಿ ಹೊಸದು ತೊಡುವ ಆತ್ಮದ ಬಗ್ಗೆ ನಾವು ಕೇಳಿದ್ದೇವೆ. ಇಲ್ಲಿ ಬಟ್ಟೆ ಹಾಗೇ ಇರುತ್ತದೆ, ಒಳಗಿನ ಆತ್ಮವನ್ನು ಬದಲಿಸುತ್ತಾರೆ. 2023ರ ಡಿಸೆಂಬರ್ 2ರಂದು ನ್ಯೂಯಾರ್ಕಿನಲ್ಲಿ ಕೊನೆಯ ಕಛೇರಿ ಮುಗಿಸಿ, ಅದೇ ವೇದಿಕೆಯ ಪರದೆಯಲ್ಲಿ ತಮ್ಮ ಡಿಜಿಟಲ್ ಬೊಂಬೆಗಳನ್ನು ತೋರಿಸಿ, ಇನ್ನು ಇವು ಹಾಡುತ್ತವೆ ಅಂದರು. ಬೊಂಬೆಗೆ ಬೆನ್ನುನೋವಿಲ್ಲ, ಹೆಂಡತಿ ಕೋರ್ಟಿಗೆ ಹೋಗುವುದಿಲ್ಲ.

ಇಲ್ಲಿ ಕರಾವಳಿಯ ಹಿರಿಯರೊಬ್ಬರು ಗಂಟಲು ಸರಿಮಾಡಿಕೊಳ್ಳುವುದು ಕೇಳಿಸುತ್ತಿದೆ. "ಅಲ್ಲ ಮಾರಾಯಾ, ನಮ್ಮ ಮೇಳಗಳಲ್ಲಿ ಶುರು ಮಾಡಿದವರು ಯಾರಿದ್ದಾರೆ?" ಸರಿಯಾದ ಪ್ರಶ್ನೆ. ಇಡಗುಂಜಿ ಮೇಳವನ್ನು 1934ರಲ್ಲಿ ಕಟ್ಟಿದ ಕೆರೆಮನೆ ಶಿವರಾಮ ಹೆಗಡೆಯವರಿಲ್ಲ, ಮಗ ಶಂಭು ಹೆಗಡೆಯವರೂ ಇಲ್ಲ, ಮೇಳ ಇದೆ. ಕಟೀಲಿನಲ್ಲಿ ಒಂದೇ ಹೆಸರಿನ ಆರೇಳು ಮೇಳಗಳು ಒಂದೇ ರಾತ್ರಿ ಬೇರೆ ಬೇರೆ ಊರಿನಲ್ಲಿ ಗೆಜ್ಜೆ ಕಟ್ಟುತ್ತವೆ, ಅದೂ ವರ್ಷಗಟ್ಟಲೆ ಕಾದು ಸಿಗುವ ಹರಕೆ ಆಟ. ಮಿಷಿಗನ್ನಿನ ಕಂಪನಿಗೆ ಇದು ಗೊತ್ತಿದ್ದರೆ ಕೈಮುಗಿದುಬಿಡುತ್ತಿತ್ತು. ಗುಬ್ಬಿ ನಾಟಕ ಕಂಪನಿಯೂ ಶುರುವಾದದ್ದು 1884ರಲ್ಲಿ, ಗುಬ್ಬಿ ವೀರಣ್ಣ ಹುಟ್ಟುವ ಮೊದಲೇ.

ಆದರೆ ಒಂದು ವ್ಯತ್ಯಾಸ ಇದೆ ಸ್ವಾಮಿ. ಮಳೆಗಾಲದಲ್ಲಿ ಊರಿನ ತಿರುಗಾಟ ನಿಂತು ಕಲಾವಿದರು ಮುಂಬೈಗೆ ಬಂದಾಗ, ಮಾಟುಂಗದಲ್ಲೋ ಕುರ್ಲಾದಲ್ಲೋ ಆಟ ಇದೆ ಅಂದರೆ ನಮ್ಮವರು ಕೇಳುವ ಮೊದಲ ಪ್ರಶ್ನೆ: "ಭಾಗವತರು ಯಾರು?" ಎರಡನೆಯದು, ಚೆಂಡೆಗೆ ಯಾರು, ಸ್ತ್ರೀವೇಷ ಯಾರದ್ದು. ಕರಪತ್ರದಲ್ಲಿ ಹಿಮ್ಮೇಳ, ಮುಮ್ಮೇಳ ಅಂತ ಒಬ್ಬೊಬ್ಬರ ಹೆಸರೂ ಇರುತ್ತದೆ. ಒಬ್ಬರು ಈ ವರ್ಷ ಮೇಳ ಬದಲಿಸಿದರೆ ಅದು ಹೋಟೆಲಿನ ಗಲ್ಲಾದ ತನಕ ಸುದ್ದಿ. ಮೇಳದ ಹೆಸರು ದೇವರದ್ದು, ಕುಣಿಯುವವರ ಹೆಸರು ಕುಣಿಯುವವರದ್ದೇ. ನಮ್ಮ ಐವತ್ತು ವರ್ಷದ ದಂತಕತೆಯ ಜಾಹೀರಾತಿನಲ್ಲಿ ಆ ಐದು ಜನರ ಹೆಸರೆಲ್ಲಿದೆ? ಹುಡುಕಿ. ಪ್ರಾಯೋಜಕ ಬ್ಯಾಂಕಿನ ಹೆಸರಿದೆ, ಕ್ರೆಡಿಟ್ ಕಾರ್ಡಿನದ್ದಿದೆ, ನೀರಿನ ಬಾಟಲಿಯದ್ದೂ ಇದೆ. ನುಡಿಸುವವರದ್ದಿಲ್ಲ. ಪಾಪ, ಅವರಲ್ಲಿ ಕೆಲವರು ಇಪ್ಪತ್ತು ವರ್ಷದಿಂದ ದುಡಿಯುತ್ತಿದ್ದಾರೆ.

ಅಮೆರಿಕದ ಮೂವತ್ತಕ್ಕೂ ಹೆಚ್ಚು ರಾಜ್ಯಗಳಲ್ಲಿ ಇದಕ್ಕೊಂದು ಕಾಯಿದೆ ಇದೆ. ಹೆಸರು ನೋಂದಾಯಿಸಿಕೊಂಡಿರಬೇಕು, ಇಲ್ಲವೇ ಹಳೆಯ ರೆಕಾರ್ಡಿನಲ್ಲಿದ್ದ ಒಬ್ಬರಾದರೂ ಇರಬೇಕು, ಅದೂ ಇಲ್ಲದಿದ್ದರೆ ಇದು ಶ್ರದ್ಧಾಂಜಲಿ ಅಂತ ಜಾಹೀರಾತಿನಲ್ಲೇ ಹೇಳಬೇಕು. 'ಇಲ್ಲವೇ' ಎಂಬಲ್ಲಿ ಆನೆ ನುಗ್ಗುವಷ್ಟು ಜಾಗವಿದೆ. ನಮ್ಮಲ್ಲಿ ಆ ಬಾಗಿಲೂ ಇಲ್ಲ, ಗೋಡೆಯೂ ಇಲ್ಲ.

ಇಷ್ಟೆಲ್ಲ ನಕ್ಕಾಯಿತು. ಈಗ ನಗು ಬರುತ್ತಿಲ್ಲ. ಈ ಊರಿನಲ್ಲೇ ನಾಲ್ಕಕ್ಕೆ ನಾಲ್ಕೂ ಮೂಲ ಸದಸ್ಯರಿರ‍ುವ, ನಾಲ್ವರೂ ಬದುಕಿರುವ, ಸ್ವಂತ ಹಾಡು ಕಟ್ಟಿರುವ ತಂಡಗಳಿವೆ. ಅವರಿಗೆ ನಿಲ್ಲಲು ಜಾಗವಿಲ್ಲ. 1986ರಲ್ಲಿ ಶುರುವಾದ ಇಂಡಿಪೆಂಡೆನ್ಸ್ ರಾಕ್ ಎಂಬ ಸಂಗೀತೋತ್ಸವ ನಡೆಯುತ್ತಿದ್ದ ಧೋಬಿ ತಲಾವಿನ ರಂಗಭವನ ಶಬ್ದ ನಿಯಮಕ್ಕೆ ಸಿಕ್ಕಿ ಬಾಯಿ ಮುಚ್ಚಿ ಎಷ್ಟು ವರ್ಷವಾಯಿತು! ಆಸ್ಪತ್ರೆ, ಶಾಲೆ, ಕೋರ್ಟುಗಳ ಸುತ್ತ ನೂರು ಮೀಟರ್ ಮೌನ ಇರಬೇಕು, ಇರಲಿ, ನ್ಯಾಯವೇ. ಅದರ ಬದಲಿಗೆ ಇನ್ನೊಂದು ಬಯಲು ಮಂದಿರ ಕಟ್ಟಿಕೊಟ್ಟರೇ? ಇಲ್ಲ. ರಾಕ್ ಮಷೀನ್ ಎಂಬ ಮುಂಬೈ ತಂಡ 1993ರಲ್ಲಿ ಇಂಡಸ್ ಕ್ರೀಡ್ ಆಯಿತು. ಹೆಸರು ಬಿಟ್ಟು ಜನ ಉಳಿದರು. ಅಂಥವರು ಬೆಳೆದ ಊರಿನಲ್ಲಿ ಈಗಿನ ಹುಡುಗರಿಗೆ ಪಬ್ಬಿನ ಮ್ಯಾನೇಜರು ಹೇಳುವುದು, "ನಿಮ್ಮದು ಎರಡು ಹಾಡು ಸಾಕು, ಉಳಿದದ್ದು ಜನಕ್ಕೆ ಗೊತ್ತಿರೋದು ನುಡಿಸಿ." ಸಂಬಳ ಎಂದರೆ ಎರಡು ಬಿಯರಿನ ಕೂಪನ್, ಒಂದು ಪ್ಲೇಟು ಮಸಾಲಾ ಶೇಂಗಾ, ಮತ್ತು "ನಾಲ್ಕು ಜನಕ್ಕೆ ಪರಿಚಯ ಆಗತ್ತಲ್ಲ." ಡ್ರಮ್ಸ್ ಹೊತ್ತು ತಂದ ಟೆಂಪೋದವನಿಗೆ ಪರಿಚಯ ಕೊಟ್ಟು ಕಳಿಸಲಾಗುತ್ತದೆಯೇ? ಅದೇ ಪಬ್ಬಿನ ಗೋಡೆಯ ಮೇಲೆ ಸತ್ತ ಗಿಟಾರಿಗರ ಚಿತ್ರಗಳು, ಚೌಕಟ್ಟು ಹಾಕಿಸಿ, ಒಂದೊಂದಕ್ಕೂ ಲೈಟು ಬಿಟ್ಟು. ಗೋಡೆಗೆ ಖರ್ಚು ಮಾಡಿದ್ದರಲ್ಲಿ ಕಾಲು ಭಾಗ ಈ ಹುಡುಗರಿಗೆ ಕೊಡಿ. ಕೇಳಿ ಕೇಳಿ ಸುಸ್ತಾಗಿದೆ.

ನಿಲ್ಲಿಸಲು ಬರುವುದೇ ಇಲ್ಲ ಅಂತೇನಿಲ್ಲ. 1980ರಲ್ಲಿ ಡ್ರಮ್ಮರ್ ಜಾನ್ ಬಾನಮ್ ಸತ್ತಾಗ ಲೆಡ್ ಝೆಪ್ಲಿನ್ ಚಿಕ್ಕದೊಂದು ಪ್ರಕಟಣೆ ಕೊಟ್ಟು ಬಾಗಿಲು ಹಾಕಿತು. ಬ್ಲ್ಯಾಕ್ ಸಬಾತ್‌ನ ನಾಲ್ವರೂ ಮೂಲದವರು 2025ರ ಜುಲೈ 5ರಂದು ತಮ್ಮೂರು ಬರ್ಮಿಂಗ್‌ಹ್ಯಾಮಿನಲ್ಲಿ ಒಟ್ಟಿಗೆ ನುಡಿಸಿದರು, ಆಝಿ ಆಸ್ಬರ್ನ್ ಕುರ್ಚಿಯಲ್ಲಿ ಕೂತೇ ಹಾಡಿದರು, ಮೂರು ವಾರ ತುಂಬುವ ಮೊದಲೇ ಹೋದರು. ಇದಕ್ಕೆಲ್ಲ ಮ್ಯಾನೇಜರುಗಳ ಭಾಷೆಯಲ್ಲಿ ನಷ್ಟ ಅನ್ನುತ್ತಾರೆ.

ಲಾಭ ನೋಡಬೇಕಾದರೆ ಫಾರಿನರ್ ಎಂಬ ತಂಡ ಇದೆ. 1976ರಲ್ಲಿ ಅದನ್ನು ಕಟ್ಟಿದ ಮಿಕ್ ಜೋನ್ಸ್ ಆರೋಗ್ಯ ಕೆಟ್ಟು ಪ್ರವಾಸ ನಿಲ್ಲಿಸಿದರು, ಮೂಲದವರು ಒಬ್ಬರೂ ಇಲ್ಲದೆ ತಂಡ ವರ್ಷಗಟ್ಟಲೆ ಅರೆನಾ ತುಂಬಿಸಿತು. 2005ರಲ್ಲಿ ಬಾಡಿಗೆಗೆ ಬಂದ ಹಾಡುಗಾರ ಕೆಲ್ಲಿ ಹ್ಯಾನ್ಸನ್ ಇಪ್ಪತ್ತು ವರ್ಷ ಹಾಡಿ 2025ರಲ್ಲಿ ಬಿಟ್ಟರು, ಗಿಟಾರು ಹಿಡಿದಿದ್ದ ಲೂಯಿಸ್ ಮಾಲ್ಡೊನಾಡೊ ಮೈಕಿಗೆ ಬಂದರು. ಇನ್ನು ಅವರು ಇಲ್ಲಿಗೆ ಬಂದರೆ ಮಹಾಲಕ್ಷ್ಮಿಯ ಬಯಲಿನಲ್ಲಿ ಯಾರೋ ಒಬ್ಬರು ಪಕ್ಕದವರಿಗೆ ಹೇಳಿಯೇ ಹೇಳುತ್ತಾರೆ: "ಎಲ್ಲ ಸರಿ, ಆದರೆ ಕೆಲ್ಲಿ ಇಲ್ಲದ ಮೇಲೆ ಇದೆಂಥ ಫಾರಿನರ್ ಮಾರಾಯಾ?"